ಮನೆಗೊಂದೇ ಕಾರ್ಡು

ರಜೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಗಂಡ ಕ್ಯೂಸಾಕು, ತಾನೇ ಹೆಂಡತಿಯನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋದೆ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾರೆ. ನಮ್ಮೂರು ತಜಿಮಿಯ ಪಿಂಗಾಣಿ ರಫ್ತು ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಾಗದ ಟೈಪ್ ಮಾಡಿದ್ದಕ್ಕೆ ಕಂಪನಿ ನನಗೆ ಐದು ದಿನ ರಜೆ ಕೊಟ್ಟಿತು. ನೋತೊ ಕಡಲತೀರಕ್ಕೆ ಹೋಗಬೇಕು, ಏಡಿ ತಿನ್ನಬೇಕು, ಬಿಸಿನೀರ ಬುಗ್ಗೆಯಲ್ಲಿ ಕೂರಬೇಕು, ಐದು ದಿನ ಯಾರಿಗೂ ಚಹಾ ಮಾಡಿಕೊಡಬಾರದು. ನನ್ನ ಆಸೆ ಇಷ್ಟೇ. ಅಲ್ಲಿ ಏಡಿ ಹಿಡಿಯಲು ಶುರುಮಾಡುವುದು ನವೆಂಬರಿನಲ್ಲಿ. ನನ್ನ ಗಂಡ ಕೋಣೆ ಗೊತ್ತುಮಾಡಿದ್ದು ಅಕ್ಟೋಬರ್ ಒಂದಕ್ಕೆ.

"ಅಕ್ಟೋಬರ್‌ನಲ್ಲಿ ಏಡಿ ಎಲ್ಲಿರತ್ತೆ ರೀ?" ಎಂದು ಕೇಳಿದೆ.

"ಸಮುದ್ರದಲ್ಲೇ ಇರತ್ತೆ. ಎಲ್ಲಿ ಹೋಗತ್ತೆ?" ಎಂದರು.

ಆಗಲೇ ನನಗೆ ಅರ್ಥವಾಯಿತು. ಪೆಟ್ಟಿಗೆಯಲ್ಲಿ ನನ್ನ ಎರಡು ಕಿಮೋನೊಗಳನ್ನು ಹೊರಗೆ ತೆಗೆದಿಟ್ಟು, ಆ ಜಾಗದಲ್ಲಿ ರೇಡಿಯೊ, ಕಿವಿಗೆ ಹಾಕುವ ಫೋನು, ಎಂಬತ್ತು ಮೀಟರ್ ತಾಮ್ರದ ತಂತಿ ತುಂಬುತ್ತಿದ್ದರು.

ನನ್ನ ಗಂಡ ಪಿಂಗಾಣಿ ಗೂಡಿನ ಮೇಸ್ತ್ರಿ. ಗೂಡಿನ ಬೆಂಕಿ ಬಿಟ್ಟರೆ ಅವರಿಗೆ ಗೊತ್ತಿರುವುದು ದೂರದ ರೇಡಿಯೊ ಒಂದೇ. ಭೂಮಿಯ ಆ ತುದಿಯಲ್ಲಿರುವ ಯಾವುದೋ ಸಣ್ಣ ನಿಲಯದ ಧ್ವನಿಯನ್ನು ಗುಂಯ್‌ಗುಡುವ ಸದ್ದಿನೊಳಗಿಂದ ಹೆಕ್ಕಿ ಕೇಳುವುದು, ಯಾವ ದಿನ ಎಷ್ಟು ಗಂಟೆಗೆ ಏನು ಕೇಳಿಸಿತು ಎಂದು ಬರೆದು ಆ ನಿಲಯಕ್ಕೆ ಕಳಿಸುವುದು. ನಿಲಯದವರು ತಮ್ಮ ದಾಖಲೆ ಪುಸ್ತಕದೊಂದಿಗೆ ತಾಳೆ ನೋಡಿ, ಸರಿಯಿದ್ದರೆ, "ಹೌದು, ನೀವು ಕೇಳಿದ್ದು ನಮ್ಮನ್ನೇ" ಎಂದು ಚಿತ್ರದ ಕಾರ್ಡು ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಅಂಥ ಇನ್ನೂರ ಹದಿನಾಲ್ಕು ಕಾರ್ಡುಗಳಿವೆ. ಇನ್ನೂರ ಹದಿನಾಲ್ಕರ ಮೇಲೂ 'ಶ್ರೀ ಕ್ಯೂಸಾಕು ಕುವಾಬಾರ' ಎಂದೇ ಇದೆ.

ಅವುಗಳಿಗಾಗಿ ಒಂದೇ ಒಂದು ಕಾಗದವನ್ನಾದರೂ ಅವರು ಬರೆದಿದ್ದರೆ ಕೇಳಿ. ಅವರಿಗೆ ಇಂಗ್ಲಿಷ್ ಬರುವುದು ಅಷ್ಟಕ್ಕಷ್ಟೆ. ಅವರು ಗೋಡೆಗೆ ಒರಗಿ ತಾರೀಖು, ಗಂಟೆ, ಕೇಳಿಸಿದ ಮಾತು ಹೇಳುವುದು, ನಾನು ಕಂಪನಿಯಿಂದ ಬಂದ ಬೆರಳಲ್ಲೇ ಟೈಪ್ ಮಾಡುವುದು. ಅರ್ಧ ಮಾತನ್ನು ಹೇಳುತ್ತಿದ್ದವಳೂ ನಾನೇ. ಇವರಿಗೆ ಇಂಗ್ಲಿಷ್ ಅರ್ಥವಾಗದೆ, ಎರಡನೆಯ ಕಿವಿಫೋನು ನನಗೆ ಕೊಟ್ಟು, "ಏನಂತೆ? ಏನಂತೆ?" ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದರು. ಕಾರ್ಡು ಬಂದ ದಿನ ಮಾತ್ರ ಅದು ಅವರ ಕಿವಿ, ಅವರ ತಾಳ್ಮೆ.

ಊರಲ್ಲಿ ಇವರದೊಂದು ಕೂಟ. ದಂತವೈದ್ಯ ನಿವಾ-ಸಾನ್ ಅದರ ಹಿರಿಯರು. ತಿಂಗಳಿಗೊಮ್ಮೆ ನೂಡಲ್ ಅಂಗಡಿಯ ಮಹಡಿಯಲ್ಲಿ ಹದಿನಾಲ್ಕು ಗಂಡಸರು ಸೇರಿ ಕಾರ್ಡು ಮೆರೆಸುತ್ತಾರೆ. ನಾನು ಬಾಗಿಲ ಪಕ್ಕ ಕೂತು ಚಹಾ ಬಗ್ಗಿಸುತ್ತೇನೆ. ಒಮ್ಮೆ ಯಾರೋ, "ಕುವಾಬಾರ-ಸಾನ್ ಕಿವಿ ಅಂದ್ರೆ ಕಿವಿ!" ಎಂದಾಗ ಇವರು ಕಿವಿ ಮುಟ್ಟಿಕೊಂಡು ನಕ್ಕರು. ಕೆಟಲು ಎತ್ತಿ ತಲೆಯ ಮೇಲೆ ಸುರಿಯಬೇಕು ಅನ್ನಿಸಿತ್ತು. ಸುರಿಯಲಿಲ್ಲ. ಆದರೆ ಅಂದಿನಿಂದ ನನಗೊಂದೇ ಹಟ. ಸಾಯುವುದರೊಳಗೆ ಒಂದು ಕಾರ್ಡು, ಒಂದೇ ಒಂದು, ನನ್ನ ಹೆಸರಿಗೆ ಬರಬೇಕು.

ಈ ಸಲ ಇವರು ಹಿಂದೆ ಬಿದ್ದಿದ್ದು ಸೇಂಟ್ ಓರ್ಬನ್ ಎಂಬ ದ್ವೀಪ. ಅಟ್ಲಾಂಟಿಕ್ಕಿನ ದಕ್ಷಿಣದಲ್ಲಿ, ಕುರಿಗಳೇ ಜಾಸ್ತಿ, ಜನ ಆರುನೂರು. ಅಲ್ಲಿಯ ಪುಟ್ಟ ನಿಲಯವನ್ನು ಮುಚ್ಚುತ್ತಿದ್ದರು. ಕೂಟದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕೊನೆಯ ಪ್ರಸಾರ ನಮ್ಮ ಲೆಕ್ಕದಲ್ಲಿ ಅಕ್ಟೋಬರ್ ಮೂರರ ಬೆಳಗಿನ ಜಾವ ಎಂದು ರೇಡಿಯೊ ಪತ್ರಿಕೆಯಲ್ಲಿ ಬಂದಿತ್ತು. ಕೆಳಗೇ ಇನ್ನೊಂದು ಸಾಲು: ಉಳಿದಿರುವ ಕಾರ್ಡುಗಳು ಕಡಿಮೆ, ಆದ್ದರಿಂದ ಮನೆಗೊಂದೇ ಕಾರ್ಡು.

ನೋತೊದಲ್ಲಿ ನಾವು ಇಳಿದುಕೊಂಡ, ಒತೊಸೆ ಅಜ್ಜಿ ನಡೆಸುವ ವಸತಿಮನೆ ಸಮುದ್ರದ ದಂಡೆಗೆ ಅಂಟಿಕೊಂಡಂತಿದೆ. ಸುತ್ತ ಕಾರ್ಖಾನೆಯಿಲ್ಲ, ಟ್ರಾಮಿಲ್ಲ, ರೇಡಿಯೊಗೆ ಗಲಾಟೆಯಿಲ್ಲ. ಏಡಿಯೂ ಇಲ್ಲ. ಬಂದ ದಿನವೇ ನನ್ನ ಗಂಡ ಪೈನ್ ಮರದಿಂದ ಮರಕ್ಕೆ ತಂತಿ ಕಟ್ಟಿದರು. ಅಜ್ಜಿ ಅದರ ಮೇಲೆ ಸ್ಕ್ವಿಡ್ ಮೀನು ಒಣಹಾಕಿದಳು. ಇವರು ಕುಣಿದಾಡಿಬಿಟ್ಟರು.

"ಅಜ್ಜಿ, ಅದು ಆಂಟೆನಾ! ಪ್ರಪಂಚದ ಆ ಕಡೆಯಿಂದ ಧ್ವನಿ ಬರೋ ದಾರಿ!"

"ಬರ್ಲಿ ಬಿಡಪ್ಪ," ಎಂದಳು ಅಜ್ಜಿ. "ನನ್ನ ಸ್ಕ್ವಿಡ್ ಏನು ಅಡ್ಡ ನಿಲ್ಲತ್ತಾ?"

ಮೂರನೆಯ ತಾರೀಖು ಮೂರೂವರೆಗೇ ನನ್ನನ್ನು ಎಬ್ಬಿಸಿದರು. ರಜೆಯಲ್ಲಿ! ನಾಲ್ಕಾಯಿತು, ನಾಲ್ಕೂವರೆಯಾಯಿತು. ಬರೀ ಸೊಂಯ್ಯೆನ್ನುವ ಸದ್ದು. ಐದಕ್ಕೆ ಕಿಟಕಿಯಾಚೆ ಕಡಲು ಬೂದು ಬಣ್ಣಕ್ಕೆ ತಿರುಗಿತು. ಇವರು ಕಿವಿಫೋನು ಕಿತ್ತು ಚಾಪೆಗೆ ಎಸೆದರು.

"ಬರಲ್ಲ. ನಿನ್ನ ಗೊರಕೆ ಕೇಳಿ ಓಡಿಹೋಗಿರತ್ತೆ. ನಾನು ಸ್ನಾನಕ್ಕೆ ಹೋಗ್ತೀನಿ."

"ನಾನು ಎದ್ದೇ ಕೂತಿದೀನಲ್ಲ, ಗೊರಕೆ ಯಾರದು?"

"ಎದ್ದಾಗ್ಲೂ ಗೊರಕೆ ಹೊಡೀತೀಯ ನೀನು. ಬಂದ್ರೆ ಕರಿ." ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು.

ಸ್ನಾನದ ಮನೆ ನಮ್ಮ ಕೋಣೆಯ ಸರಿಯಾಗಿ ಕೆಳಗೆ. ಮೆಟ್ಟಿಲು ಹನ್ನೊಂದು. ಕಿಟಕಿಯಿಂದ ಬಗ್ಗಿ "ರೀ" ಎಂದರೂ ಸಾಕು, ಕೇಳಿಸುತ್ತದೆ.

ನಾನು ಕಿವಿಫೋನು ಹಾಕಿಕೊಂಡೆ. ಐದು ಹತ್ತಕ್ಕೆ ಆ ಸದ್ದಿನ ತಳದಲ್ಲಿ ಒಬ್ಬ ಮುದುಕ ಕೆಮ್ಮಿದ. ಕೆಮ್ಮು ಅಂದರೆ ಕೆಮ್ಮು, ಮನುಷ್ಯನ ಕೆಮ್ಮು. ಆಮೇಲೆ ಇಂಗ್ಲಿಷಿನಲ್ಲಿ, "ಇದು ಸೇಂಟ್ ಓರ್ಬನ್," ಎಂದ. ನಾನು ಪೆನ್ಸಿಲು ಹಿಡಿದು ಅವನ ಮಾತನ್ನೇ ನೋಟ್‌ಬುಕ್ಕಿಗೆ ಇಳಿಸತೊಡಗಿದೆ. ಅವನು ಹಡಗಿನಲ್ಲಿ ಹೊರಟವರ ಹೆಸರುಗಳನ್ನು ಓದಿದ. ಯಾರ ಮನೆಯ ಉಣ್ಣೆ ಎಷ್ಟು ತೂಗಿತು ಎಂದು ಓದಿದ. ಒಬ್ಬ ಹೆಂಗಸು ಹಾರ್ಮೋನಿಯಂ ನುಡಿಸಿದಳು, ನಡುವೆ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದಳು. ಕೊನೆಗೆ ಬೀಳ್ಕೊಡುಗೆಗೆಂದು ಚರ್ಚಿನ ಗಂಟೆ ಒಂಬತ್ತು ಸಲ ಹೊಡೆಯಿತು. ಐದು ಮೂವತ್ತೆರಡಕ್ಕೆ ಎಲ್ಲ ನಿಂತುಹೋಯಿತು.

ಇಪ್ಪತ್ತೆರಡು ನಿಮಿಷ. ಕೆಳಗೆ ನನ್ನ ಗಂಡ ನೀರು ಚೆಲ್ಲುವ ಸದ್ದು, ಅವರ ಅಪಸ್ವರದ ರಾಗ, ಎಲ್ಲ ಕೇಳಿಸುತ್ತಿತ್ತು. ಕರೆಯಬಹುದಿತ್ತು. ನಾನು ಕರೆಯಲಿಲ್ಲ. ಮರೆತೆ ಎಂದು ಸುಳ್ಳು ಹೇಳುವುದಿಲ್ಲ. ಬೇಕೆಂದೇ ಕರೆಯಲಿಲ್ಲ, ಹಾಗೆ ಕರೆಯದೆ ಕೂತಿದ್ದಷ್ಟು ಹೊತ್ತು ನನಗೆ ಬಹಳ ಸುಖವಾಗಿತ್ತು.

ಕೂದಲಿಂದ ನೀರು ಸುರಿಸಿಕೊಂಡು ಬಂದವರು ನನ್ನ ಮುಖ ನೋಡಿದರು, ನೋಟ್‌ಬುಕ್ ನೋಡಿದರು.

"ಬಂತಾ?"

"ಬಂತು."

"ಕರೀಲಿಲ್ಲ?"

"ಸ್ನಾನಕ್ಕೆ ಹೋಗಿದ್ರಲ್ಲ. ಹಾಯಾಗಿರಿ ಅಂತ ಬಿಟ್ಟೆ."

ಅವರ ಮುಖ ಕೆಂಪಾಯಿತು. "ಮನೆಹಾಳಿ! ಎರಡು ವರ್ಷದಿಂದ ಕಾದಿದೀನಿ ಕಣೇ ಅದಕ್ಕೆ!"

"ನಾನು ಇಪ್ಪತ್ತಾರು ವರ್ಷದಿಂದ ಕಾದಿದೀನಿ."

"ಸರಿ, ಸರಿ. ಊರಿಗೆ ಹೋದ ತಕ್ಷಣ ಟೈಪ್ ಮಾಡು. ನಾನು ಸಹಿ ಹಾಕ್ತೀನಿ."

"ಟೈಪ್ ಮಾಡ್ತೀನಿ. ಸಹಿನೂ ನಾನೇ ಹಾಕ್ತೀನಿ."

"ರೇಡಿಯೊ ಯಾರದು?" ಎಂದು ಗುಡುಗಿದರು. "ತಂತಿ ಯಾರದು? ಮರ ಹತ್ತಿದವನು ಯಾರು?"

"ಕಿವಿ ಯಾರದು?" ಎಂದೆ. "ನೀವು ಕೇಳಿದ್ದು ನಿಮ್ಮ ಬೆನ್ನು ಉಜ್ಜಿದ ಸದ್ದು. ಅದನ್ನ ಬರೆದು ಕಳಿಸಿ, ಸ್ನಾನದ ಮನೆಯವರು ಕಾರ್ಡು ಕೊಡ್ತಾರೇನೋ."

"ಮನೆಗೊಂದೇ ಕಾರ್ಡು, ಗೊತ್ತಲ್ಲ? ಮನೆ ಯಜಮಾನ ಯಾರು?"

ಒತೊಸೆ ಅಜ್ಜಿ ಬಾಗಿಲು ಸರಿಸಿ ತಲೆ ಹಾಕಿದಳು. "ಪಕ್ಕದ ಕೋಣೆಯವ್ರು ಎದ್ದುಬಿಟ್ರು. ಜಗಳ ಆಡೋದಾದ್ರೆ ಹೊರಗೆ ಮರಳ ದಂಡೆ ಇದೆ, ಬೇಕಾದಷ್ಟು ಜಾಗ ಇದೆ," ಎಂದು ಹೇಳಿ ಹೋದಳು.

ಇವರು ದನಿ ತಗ್ಗಿಸಿದರು. ಅದು ಕೂಗಿದ್ದಕ್ಕಿಂತ ಕೆಟ್ಟದು. "ಆಯ್ತು. ನಿನ್ನ ಟೈಪು ನಿನಗಿರ್ಲಿ. ನಾನೇ ಕೈಯಲ್ಲಿ ಬರೀತೀನಿ. ಇಪ್ಪತ್ತಾರು ವರ್ಷ ಹೇಳಿ ಬರೆಸಿದವನಿಗೆ ಬರೆಯೋಕೆ ಬರಲ್ವಾ?"

"ಏನು ಕೇಳಿದೆ ಅಂತ ಬರೀತೀರಿ?"

ಇವರ ಕಣ್ಣು ನನ್ನ ನೋಟ್‌ಬುಕ್ಕಿನ ಕಡೆ ಹೋಯಿತು. ಹೀಗೋ ವಿಷಯ ಎಂದುಕೊಂಡೆ. ಇನ್ನೊಬ್ಬರು ಕೇಳಿದ್ದನ್ನು ನಕಲು ಮಾಡುವುದಕ್ಕಿಂತ ನೀಚ ಕೆಲಸ ಈ ಜನರಲ್ಲಿ ಬೇರೆ ಇಲ್ಲ. ಒಬ್ಬ ಹಾಗೆ ಮಾಡಿ ಸಿಕ್ಕಿಬಿದ್ದಾಗ ಕೂಟದ ಪುಸ್ತಕದಲ್ಲಿ ಅವನ ಹೆಸರು ಹೊಡೆದು ಹಾಕಿರೆಂದು ಮೊದಲು ಕೂಗಿದವರು ನನ್ನ ಗಂಡನೇ. ಊರಿಗೆಲ್ಲ ಬುದ್ಧಿ ಹೇಳುವ ಆ ಮನುಷ್ಯ ಈಗ ಹೆಂಡತಿಯ ಹಾಳೆಯ ಮೇಲೆ ಕಣ್ಣು ಹಾಕಿ ಕೂತಿದ್ದರು.

ಕದಿಯುವುದಾದರೆ ಕದಿಯಲಿ. ಇವರು ಒದ್ದೆ ಟವೆಲ್ ಹರವಲು ಆ ಕಡೆ ತಿರುಗಿದಾಗ ನಾನು ಪೆನ್ಸಿಲು ತೆಗೆದುಕೊಂಡು, ಹಾರ್ಮೋನಿಯಂ ಸಾಲು ಮತ್ತು ಗಂಟೆಯ ಸಾಲಿನ ನಡುವೆ ಒಂದು ಸಾಲು ಸೇರಿಸಿದೆ: 'ಯುವಕನೊಬ್ಬ ಗಿಟಾರ್ ಬಾರಿಸಿ ಹಾಡಿದ.' ಯಾರೂ ಹಾಡಿರಲಿಲ್ಲ. ಗಿಟಾರೂ ಇರಲಿಲ್ಲ. ನೋಟ್‌ಬುಕ್ ಮೇಜಿನ ಮೇಲೆ ತೆರೆದಿಟ್ಟು, "ನಾನು ತಿಂಡಿಗೆ ಹೋಗ್ತೀನಿ. ನೀವು?" ಎಂದೆ.

"ತಂತಿ ಸುತ್ತಿ ಬರ್ತೀನಿ," ಎಂದರು.

ಅರ್ಧ ಗಂಟೆ ತಡವಾಗಿ ಬಂದರು. ಬೆರಳಲ್ಲಿ ಶಾಯಿ ಮೆತ್ತಿತ್ತು. "ತಂತಿಗೆ ಶಾಯಿ ಬಳೀತೀರಾ ನಿಮ್ಮೂರಲ್ಲಿ?" ಎಂದು ಅಜ್ಜಿ ಸೂಪಿನ ಬಟ್ಟಲು ಇಡುತ್ತ ಕೇಳಿದಳು. ಇವರು ಬೆರಳು ಮಡಿಚಿಕೊಂಡರು. ತಿಂಡಿ ಮುಗಿಸಿ ನೇರ ಹಳ್ಳಿಯ ಅಂಚೆಕಚೇರಿಗೆ ನಡೆದರು. ನನಗೆ ಅವಸರವಿರಲಿಲ್ಲ. ಇವರ ಗಿಟಾರು ಮೊದಲು ತಲುಪಿದಷ್ಟೂ ಒಳ್ಳೆಯದು. ಮರುದಿನ ತಜಿಮಿಗೆ ಬಂದು ನನ್ನ ಕಾಗದವನ್ನು ನಾನೇ ಟೈಪ್ ಮಾಡಿದೆ. ಮುದುಕನ ಕೆಮ್ಮನ್ನೂ ಬಿಡಲಿಲ್ಲ. ಗಡಿಯಾರದ ಐದು ಹತ್ತನ್ನು, ಎಲ್ಲ ನಿಲಯಗಳೂ ಲೆಕ್ಕಕ್ಕೆ ಹಿಡಿಯುವ ಪ್ರಪಂಚದ ಸಮಯಕ್ಕೆ ತಿರುಗಿಸಿದೆ. ಒಂಬತ್ತು ಗಂಟೆ ಕಳೆಯಬೇಕು, ಇಪ್ಪತ್ತು ಗಂಟೆ ಹತ್ತು ನಿಮಿಷ. ತಾರೀಖು ಅಕ್ಟೋಬರ್ ಮೂರು. ಕೆಳಗೆ, 'ಶ್ರೀಮತಿ ಮಿಸಾವೊ ಕುವಾಬಾರ.' ಸಹಿ ಹಾಕುವಾಗ ಮದುವೆಯ ದಿನಕ್ಕಿಂತ ಹೆಚ್ಚು ಎದೆ ಹೊಡೆದುಕೊಂಡಿತು.

ಆಮೇಲೆ ಏಳು ವಾರ ನಮ್ಮ ಮನೆಯಲ್ಲಿ ಯುದ್ಧ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಇಬ್ಬರೂ ಬಾಗಿಲಿಗೆ ಓಡುತ್ತಿದ್ದೆವು. ನಾನು ಅನ್ನ ಬಡಿಸಿ ಬಟ್ಟಲು ತಳ್ಳುತ್ತಿದ್ದೆ, ಅವರು ಉಪ್ಪಿಲ್ಲ ಎನ್ನುತ್ತಿದ್ದರು. ಉಪ್ಪು ಹಾಕಿದರೆ, "ಸಮುದ್ರ ತಂದು ಸುರಿದ್ಯಾ?" ಎನ್ನುತ್ತಿದ್ದರು.

ನವೆಂಬರ್ ಕೊನೆಯ ಶನಿವಾರ ಲಕೋಟೆ ಬಂತು. ತೆಳ್ಳಗಿತ್ತು. ಮೇಲೆ ಇಬ್ಬರ ಹೆಸರೂ ಇತ್ತು. ಒಬ್ಬರನ್ನೊಬ್ಬರು ಬಿಡದೆ, ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಬಿಡಿಸಿದೆವು. ಒಳಗೆ ಕಾರ್ಡಿರಲಿಲ್ಲ. ಒಂದು ಕಾಗದ ಇತ್ತು. ನಾನೇ ಓದಿ ಹೇಳಬೇಕಾಯಿತು.

'ಶ್ರೀ ಕ್ಯೂಸಾಕು ಕುವಾಬಾರ ಮತ್ತು ಶ್ರೀಮತಿ ಮಿಸಾವೊ ಕುವಾಬಾರ ಅವರಿಗೆ. ನಮ್ಮ ಇಂಜಿನಿಯರ್ ಹಡಗು ಹತ್ತಿ ಹೋದರು. ನಾನು ಇಲ್ಲಿಯ ಗುಮಾಸ್ತ. ಪುಸ್ತಕದೊಂದಿಗೆ ಅಕ್ಷರಶಃ ತಾಳೆಯಾದರೆ ಮಾತ್ರ ಕಾರ್ಡು ಕಳಿಸು ಎಂದು ನನಗೆ ಹೇಳಿಹೋಗಿದ್ದಾರೆ. ಶ್ರೀಯವರ ಕಾಗದದಲ್ಲಿ ದಿನ, ಸಮಯ ಸರಿಯಿದೆ. ಆದರೆ ಗಿಟಾರಿನ ಹಾಡು ಕೇಳಿದೆ ಎಂದಿದ್ದಾರೆ. ಈ ದ್ವೀಪದಲ್ಲಿ ಇರುವುದು ಒಂದೇ ಗಿಟಾರ್. ಅದು ನನ್ನದು. ಅಂದು ನಾನು ಹಾಡಲಿಲ್ಲ. ಶ್ರೀಮತಿಯವರ ಕಾಗದದಲ್ಲಿ ಎಲ್ಲವೂ ಸರಿಯಿದೆ, ಕೆಮ್ಮು ಕೂಡ. ಆದರೆ ಕೇಳಿದ್ದು ಮೂರನೆಯ ತಾರೀಖು ಎಂದಿದ್ದಾರೆ. ನಾವು ಎರಡನೆಯ ತಾರೀಖಿನ ರಾತ್ರಿಯೇ ನಿಲಯ ಮುಚ್ಚಿದೆವು. ಇಬ್ಬರಿಗೂ ಕಾರ್ಡು ಕಳಿಸಲಾರೆ, ಕ್ಷಮಿಸಿ.'

ಒಂಬತ್ತು ಗಂಟೆ ಹಿಂದಕ್ಕೆ ಹೋದರೆ ತಾರೀಖೂ ಒಂದು ದಿನ ಹಿಂದಕ್ಕೆ ಹೋಗುತ್ತದೆ. ನಮ್ಮ ಮೂರರ ಬೆಳಗು ಅವರಿಗೆ ಎರಡರ ರಾತ್ರಿ. ಇದು ಈ ಹವ್ಯಾಸದವರಿಗೆ ಮೊದಲ ಪಾಠ. ಇಪ್ಪತ್ತಾರು ವರ್ಷ ತಾರೀಖು ಇವರು ಹೇಳುತ್ತಿದ್ದರು, ಅವರು ಹೇಳಿದ್ದನ್ನು ನಾನು ಟೈಪ್ ಮಾಡುತ್ತಿದ್ದೆ. ಗಂಟೆ ಕಳೆದೆ, ದಿನ ಕಳೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇವರು ಮೊದಲು ನಕ್ಕರು. "ಮುಚ್ಚಿದ ಮಾರನೇ ದಿನ ಕೇಳಿದಾಳೆ, ನೋಡ್ರಪ್ಪ! ದೆವ್ವದ ರೇಡಿಯೊ!" ಆಮೇಲೆ ನಗು ನಿಂತಿತು. "ಗಿಟಾರ್... ಗಿಟಾರ್ ಇರ್ಲಿಲ್ವಾ?"

"ಇರ್ಲಿಲ್ಲ. ನಿಮಗೋಸ್ಕರ ಬರೆದಿಟ್ಟೆ."

"ಹಾಳಾದವಳೇ!"

"ಕದ್ದವರು ಯಾರು?"

ನನಗೆ ಅಳು ಬಂತು, ಅವರ ಮುಂದೆ ಅಳಬಾರದೆಂದು ಅಕ್ಕಿ ತೊಳೆಯಲು ಹೋದೆ. ಬೆನ್ನ ಹಿಂದಿನಿಂದ ಅವರೇ ಹೇಳಿದರು: "ನೀನು ಕೇಳಿದ್ದಂತೂ ನಿಜ. ಕೆಮ್ಮು ಕೂಡ ಅಂತ ಬರೆದಿದಾನೆ."

"ಹಾಗಾದ್ರೆ ನಾಳೆ ಕೂಟದಲ್ಲಿ ಹೇಳಿ. ಮಿಸಾವೊ ಕೇಳಿದ್ಲು ಅಂತ."

"ಹೇಗೆ ಹೇಳ್ಲಿ? ಕಾಗದ ತೋರಿಸು ಅಂತಾರೆ. ತೋರಿಸಿದ್ರೆ ನಾನು ನಕಲು ಮಾಡಿದ್ದು ಗೊತ್ತಾಗತ್ತೆ."

"ಗೊತ್ತಾಗ್ಲಿ."

"ಪ್ರಾಣ ಹೋದ್ರೂ ಹೇಳಲ್ಲ," ಎಂದರು.

ಮರುದಿನ ನೂಡಲ್ ಅಂಗಡಿಯ ಮಹಡಿ. ನಾನು ಬಾಗಿಲ ಪಕ್ಕ, ಕೆಟಲಿನ ಹತ್ತಿರ. ಕಾಗದ ನನ್ನ ಸೊಂಟಪಟ್ಟಿಯಲ್ಲಿತ್ತು. ನಿವಾ-ಸಾನ್ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಸೇಂಟ್ ಓರ್ಬನ್ ಕೊನೇ ಪ್ರಸಾರ. ಯಾರಿಗಾದ್ರೂ ಸಿಕ್ತಾ? ಕುವಾಬಾರ-ಸಾನ್, ನೀವು ಸಮುದ್ರದ ಹತ್ರನೇ ಹೋಗಿದ್ರಲ್ಲ?"

ನನ್ನ ಗಂಡ ಬಟ್ಟಲು ಎತ್ತಿ ಚಹಾ ಕುಡಿದರು. ನಾನು ಬಗ್ಗಿಸಿದ ಚಹಾ. "ಇಲ್ಲ," ಎಂದರು. "ನಮ್ಮನೇಲಿ ಯಾರೂ ಕೇಳ್ಲಿಲ್ಲ."

ಯಾರೂ! ತಾವು ಕೇಳಲಿಲ್ಲ ಎಂದಷ್ಟೇ ಹೇಳಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆ 'ಯಾರೂ' ಒಳಗೆ ನಾನೂ ಇದ್ದೆ. ಎದ್ದು ನಿಂತೆ, ಕಾಗದ ತೆಗೆದೆ, ಮೊದಲಿಂದ ಕೊನೆಯವರೆಗೆ ಓದಿದೆ. ನನ್ನ ಹೆಸರು ಬಂದ ಕಡೆ ನಿಧಾನವಾಗಿ ಓದಿದೆ. ಗಿಟಾರನ್ನು ಓದಿದೆ, ನನ್ನ ತಾರೀಖನ್ನೂ ಓದಿದೆ. ಗಿಟಾರನ್ನು ಯಾಕೆ ಬರೆದಿಟ್ಟೆ ಎಂದೂ, ಸ್ನಾನದ ಮನೆಯಿಂದ ಕರೆಯಲಿಲ್ಲ ಎಂದೂ ಹೇಳಿದೆ. ಮುಚ್ಚಿಡಲು ಏನೂ ಉಳಿಸಲಿಲ್ಲ. ಹದಿಮೂರು ಗಂಡಸರು ನೂಡಲ್ಸ್ ಹೀರುವುದನ್ನು ನಿಲ್ಲಿಸಿದ್ದರು.

"ಕುವಾಬಾರ-ಸಾನ್, ನಿಜವಾ?" ಎಂದರು ನಿವಾ-ಸಾನ್.

ನನ್ನ ಗಂಡ ಮೇಜು ನೋಡುತ್ತ ಹೇಳಿದರು, "ನಿಜ. ನಕಲು ಮಾಡಿದೆ."

ನಿವಾ-ಸಾನ್ ಕೂಟದ ಪುಸ್ತಕ ತೆರೆದರು. ಇಬ್ಬರೂ ಹಳೆಯ ಗೆಳೆಯರು. ನನ್ನ ಗಂಡನ ಹೆಸರಿನ ಮೇಲೆ, ಇನ್ನೂರ ಹದಿನಾಲ್ಕರ ಮೇಲೆ, ಗೀಟು ಎಳೆದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಮ್ಮ, ನಿಮಗೆ ಏನು ಮಾಡೋಣ? ಕಾರ್ಡಿಲ್ಲದೆ ಲೆಕ್ಕಕ್ಕೆ ಬರಲ್ಲ. ಹೊಡೆದು ಹಾಕೋಣ ಅಂದ್ರೆ ನಿಮ್ಮ ಹೆಸರು ಪುಸ್ತಕದಲ್ಲೇ ಇಲ್ಲ," ಎಂದರು.

ಇಷ್ಟು ವರ್ಷ ಚಹಾ ಬಗ್ಗಿಸಿದ್ದೇನೆ, ಆ ಪುಸ್ತಕದಲ್ಲಿ ನಾನಿಲ್ಲವೆಂಬುದು ನನಗೂ ಹೊಳೆದಿರಲಿಲ್ಲ.

"ಬರ್ಕೊಳ್ಳಿ," ಎಂದು ಯಾರೋ ಒರಟಾಗಿ ಹೇಳಿದರು. ನನ್ನ ಗಂಡ. ತಲೆ ಎತ್ತಿರಲಿಲ್ಲ, ನನ್ನ ಕಡೆ ನೋಡಿರಲಿಲ್ಲ, ಹಲ್ಲು ಕಚ್ಚಿ ಮಾತಾಡುತ್ತಿದ್ದರು. "ನನ್ನ ಜಾಗ ಖಾಲಿ ಆಯ್ತಲ್ಲ, ಅಲ್ಲೇ ಬರ್ಕೊಳ್ಳಿ. ಕೇಳಿಸ್ಕೊಳ್ಳೋಕೆ ಬರತ್ತೆ ಅವಳಿಗೆ. ತಾರೀಖು ಹಾಕೋಕೆ ಬರಲ್ಲ, ಅಷ್ಟೆ." ಎದ್ದು, ಮೆಟ್ಟಿಲಿಳಿದು, ಚಪ್ಪಲಿ ಹುಡುಕುವ ಸದ್ದು ಮಾಡಿ ಹೊರಟುಹೋದರು.

ನಿವಾ-ಸಾನ್ ಪೆನ್ನು ಅದ್ದಿದರು. "ಕುವಾಬಾರ ಅವರ ಮನೆಯವರು ಅಂತ ಬರೀಲಾ?"

"ಮಿಸಾವೊ ಅಂತ ಬರೀರಿ," ಎಂದೆ.

ಬರೆದರು. ಮುಂದಿನ ಅಂಕಣದಲ್ಲಿ, ಎಷ್ಟು ನಿಲಯ ಎಂದು ಹಾಕುವಲ್ಲಿ, ಒಂದು ಸೊನ್ನೆ ಹಾಕಿದರು. ನಾನು ಬಗ್ಗಿ ಆ ಸೊನ್ನೆಯನ್ನು ನೋಡುತ್ತ ನಿಂತೆ. ಹದಿಮೂರು ಜನರ ಬಟ್ಟಲು ಖಾಲಿಯಾಗಿತ್ತು, ಒಬ್ಬರೂ ಚಹಾ ಕೇಳಲಿಲ್ಲ.